ಜಾಲತಾಣದ ಬೀಗದ ಕೈ ಯಾರ ಬಳಿ?

ವಿಷಯ ನಿರ್ವಹಣಾ ವ್ಯವಸ್ಥೆಯನ್ನು ಆರಿಸುವ ಮುನ್ನ ಉದ್ಯಮಿಗಳು ಪರಿಶೀಲಿಸಬೇಕಾದ ಸಂಗತಿಗಳು

ಸಣ್ಣ ಹಾಗೂ ಮಧ್ಯಮ ಉದ್ಯಮಗಳಿಗೆ ಜಾಲತಾಣ ಬೇಕೇ, ಬೇಡವೇ ಎಂಬ ಚರ್ಚೆ ಮುಗಿದು ಬಹಳ ಕಾಲವಾಯಿತು. ಬೆಳಗಾವಿಯ ಫೌಂಡ್ರಿಗಳಿಂದ ಎರಕದ ಭಾಗಗಳನ್ನು ಕೊಳ್ಳಬಯಸುವ ಹೊರರಾಜ್ಯದ ಖರೀದಿದಾರನಾಗಲಿ, ಚಿಕ್ಕಮಗಳೂರಿನ ಕಾಫಿ ಪುಡಿಯನ್ನು ಮನೆಗೆ ತರಿಸಿಕೊಳ್ಳುವ ಗ್ರಾಹಕನಾಗಲಿ ಮೊದಲು ಹುಡುಕುವುದು ಅಂತರ್ಜಾಲದಲ್ಲಿ. ಆದರೆ ಜಾಲತಾಣ ನಿರ್ಮಿಸಿಕೊಡುವವರು ನಮ್ಮ ಮುಂದಿಡುವ ಕೊಟೇಷನ್‌ಗಳನ್ನು ಗಮನಿಸಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಎಷ್ಟು ಪುಟ, ಎಷ್ಟು ಚಿತ್ರ, ಎಷ್ಟು ದಿನ, ಎಷ್ಟು ಮುಂಗಡ ಎಂಬುದೆಲ್ಲ ಅಲ್ಲಿ ವಿವರವಾಗಿರುತ್ತದೆ. ತಾಣವನ್ನು ಯಾವ ವ್ಯವಸ್ಥೆಯ ಮೇಲೆ ಕಟ್ಟಲಾಗುವುದು, ಅದನ್ನೇ ಏಕೆ ಆರಿಸಲಾಯಿತು, ನಾಳೆ ಕೆಲಸವನ್ನು ಬೇರೊಬ್ಬರಿಗೆ ವಹಿಸಬೇಕಾಗಿ ಬಂದರೆ ಏನೇನು ನಮ್ಮ ಕೈಗೆ ಬರುತ್ತದೆ ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಾವೂ ಕೇಳುವುದಿಲ್ಲ. ಬಣ್ಣ ಯಾವುದಿರಬೇಕು, ಸಂಸ್ಥಾಪಕರ ಭಾವಚಿತ್ರ ಎಷ್ಟು ದೊಡ್ಡದಿರಬೇಕು ಎಂಬುದರ ಚರ್ಚೆಗೆ ಎರಡು ಸಭೆಗಳು ಮೀಸಲಾಗುತ್ತವೆ.

ಮೊದಲಿಗೆ ಈ ವ್ಯವಸ್ಥೆ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. 1990ರ ದಶಕದ ಕೊನೆಯಲ್ಲಿ ಜಾಲತಾಣದ ಪ್ರತಿಯೊಂದು ಪುಟವೂ ಸಾಮಾನ್ಯವಾಗಿ ಎಚ್.ಟಿ.ಎಂ.ಎಲ್. ಸಂಕೇತಗಳಲ್ಲಿ ಬರೆದ ಒಂದು ಪ್ರತ್ಯೇಕ ಕಡತವಾಗಿರುತ್ತಿತ್ತು. ದೂರವಾಣಿ ಸಂಖ್ಯೆ ಬದಲಾದರೂ ವಿನ್ಯಾಸಕಾರನನ್ನೇ ಕರೆಯಬೇಕು. ಆತ ಇಪ್ಪತ್ತು ಪುಟಗಳಲ್ಲಿ ಇಪ್ಪತ್ತು ಬಾರಿ ಅದನ್ನು ತಿದ್ದಿ ಸರ್ವರ್‌ಗೆ ಏರಿಸಬೇಕು. ಸಿ.ಎಂ.ಎಸ್. ಎಂದು ಎಲ್ಲರೂ ಕರೆಯುವ ವಿಷಯ ನಿರ್ವಹಣಾ ವ್ಯವಸ್ಥೆ ಈ ತೊಡಕನ್ನು ನಿವಾರಿಸಿತು. ಬರಹ, ಬೆಲೆ, ಸರಕಿನ ವಿವರಗಳನ್ನು ಅದು ಡೇಟಾಬೇಸ್‌ನಲ್ಲಿ ಇಡುತ್ತದೆ; ರೂಪವಿನ್ಯಾಸವನ್ನು ಬೇರೆಯಾಗಿ ಇಡುತ್ತದೆ; ಯಾರಾದರೂ ಪುಟ ತೆರೆದಾಗ ಎರಡನ್ನೂ ಕೂಡಿಸಿ ತೋರಿಸುತ್ತದೆ. ಕಚೇರಿಯ ಗುಮಾಸ್ತರು ಗುಪ್ತಪದ ಕೊಟ್ಟು ಒಳಹೊಕ್ಕು, ಪತ್ರ ಟೈಪು ಮಾಡಿದಷ್ಟೇ ಸುಲಭವಾಗಿ ಹೊಸ ಸರಕಿನ ವಿವರ ಸೇರಿಸಬಹುದು. ಗೋದಾಮು ಬೇರೆ, ಷೋಕೇಸು ಬೇರೆ ಎಂದು ತಿಳಿಯಬಹುದು. ಷೋಕೇಸನ್ನು ಎಷ್ಟು ಬಾರಿಯಾದರೂ ಬದಲಿಸಬಹುದು, ಗೋದಾಮಿನ ಸರಕು ಹಾಗೆಯೇ ಇರುತ್ತದೆ. ಅಂದಮೇಲೆ ಉದ್ಯಮಿ ಮೊದಲು ಕೇಳಬೇಕಾದ ಪ್ರಶ್ನೆ, ಆ ಗೋದಾಮಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದು.

ಈ ದೃಷ್ಟಿಯಿಂದ ನೋಡಿದರೆ ಮಾರುಕಟ್ಟೆಯಲ್ಲಿರುವ ನೂರಾರು ವ್ಯವಸ್ಥೆಗಳು ಮೂರು ಬಗೆಗಳಲ್ಲಿ ಅಡಗುತ್ತವೆ. ಒಂದು, ಬಾಡಿಗೆಯ ವ್ಯವಸ್ಥೆಗಳು: ವಿಕ್ಸ್, ಸ್ಕ್ವೇರ್‌ಸ್ಪೇಸ್, ಶಾಪಿಫೈ ಮುಂತಾದವು. ಇಲ್ಲಿ ತಂತ್ರಾಂಶವೂ ಸರ್ವರೂ ಆ ಕಂಪೆನಿಯವೇ. ನಾವು ತಿಂಗಳಿಗೋ ವರ್ಷಕ್ಕೋ ಬಾಡಿಗೆ ಕಟ್ಟುತ್ತೇವೆ. ಎರಡು, ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಾಲ್‌ನಂತಹ ಮುಕ್ತ ತಂತ್ರಾಂಶಗಳು. ಇವನ್ನು ನಮಗೆ ಬೇಕಾದ ಹೋಸ್ಟಿಂಗ್ ಸಂಸ್ಥೆಯ ಸರ್ವರ್‌ನಲ್ಲಿ ನಾವೇ ಸ್ಥಾಪಿಸಿಕೊಳ್ಳಬಹುದು. ಮೂರು, ನಿರ್ಮಾಣ ಸಂಸ್ಥೆಯೇ ಬರೆದು ತನ್ನ ಗ್ರಾಹಕರಿಗೆಲ್ಲ ಕೊಡುವ ಸ್ವಂತ ವ್ಯವಸ್ಥೆ. ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲೇ ಎರಡೂ ಬಗೆಗಳಿವೆ. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನಿಂದ ಇಳಿಸಿಕೊಳ್ಳುವುದು ಮುಕ್ತ ತಂತ್ರಾಂಶ. ವರ್ಡ್‌ಪ್ರೆಸ್ ಡಾಟ್ ಕಾಮ್ ಎಂಬುದು ಅದೇ ತಂತ್ರಾಂಶವನ್ನು ಆಧರಿಸಿ ಆಟೊಮ್ಯಾಟಿಕ್ ಎಂಬ ಕಂಪೆನಿ ನಡೆಸುವ ಬಾಡಿಗೆ ಸೇವೆ. ಕೊಟೇಷನ್‌ನಲ್ಲಿ ಬರಿದೆ ‘ವರ್ಡ್‌ಪ್ರೆಸ್’ ಎಂದಿದ್ದರೆ ಯಾವುದೆಂದು ಕೇಳಲೇಬೇಕು.

ಉಚಿತ ಮಳಿಗೆಯ ಕಥೆ

ಗೂಗಲ್ ಸಂಸ್ಥೆ 2017ರಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ಒಂದು ಉಚಿತ ಸೌಲಭ್ಯವನ್ನು ತೆರೆಯಿತು. ಭೂಪಟದಲ್ಲಿ ತಮ್ಮ ಅಂಗಡಿಯನ್ನು ನೋಂದಾಯಿಸಿದವರು ಹತ್ತೇ ನಿಮಿಷದಲ್ಲಿ ಒಂದು ಪುಟ್ಟ ಜಾಲತಾಣವನ್ನೂ ಪಡೆಯಬಹುದಿತ್ತು. ‘ಬಿಸಿನೆಸ್ ಡಾಟ್ ಸೈಟ್’ ಎಂದು ಕೊನೆಗೊಳ್ಳುವ ವಿಳಾಸವೂ ಉಚಿತ. ಸರಳವಾಗಿತ್ತು, ಕೆಲಸಕ್ಕೂ ಬರುತ್ತಿತ್ತು. 2024ರ ಮಾರ್ಚ್‌ನಲ್ಲಿ ಸಂಸ್ಥೆ ಆ ಸೌಲಭ್ಯವನ್ನು ಮುಚ್ಚಿತು. ಹಳೆಯ ವಿಳಾಸಕ್ಕೆ ಬಂದವರನ್ನು 2024ರ ಜೂನ್ 10ರವರೆಗೆ ಮಾತ್ರ ವ್ಯಾಪಾರಿಯ ಗೂಗಲ್ ಮಾಹಿತಿಪುಟಕ್ಕೆ ಕಳುಹಿಸಲಾಯಿತು. ಆಮೇಲೆ ಆ ವಿಳಾಸ ಎಲ್ಲಿಗೂ ಹೋಗುತ್ತಿರಲಿಲ್ಲ. ಅದನ್ನು ಕೈಚೀಲ, ಬಿಲ್ಲು ಪುಸ್ತಕ, ಅಂಗಡಿಯ ಬೋರ್ಡುಗಳ ಮೇಲೆ ಅಚ್ಚು ಹಾಕಿಸಿದವರ ಪಾಡೇನು? ಕಂಪೆನಿಯ ತಪ್ಪು ಎನ್ನಲಾಗದು. ಮುನ್ಸೂಚನೆ ಕೊಟ್ಟೇ ಮುಚ್ಚಿತು, ಒಂದು ರೂಪಾಯಿಯನ್ನೂ ಪಡೆದಿರಲಿಲ್ಲ. ಇದಕ್ಕೂ ಮುನ್ನ, 1999ರಲ್ಲಿ ಜಿಯೋಸಿಟೀಸ್ ಎಂಬ ಉಚಿತ ಜಾಲತಾಣ ಸೇವೆಯನ್ನು ಕೊಂಡ ಯಾಹೂ 2009ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಿದಾಗಲೂ ಹೀಗೆಯೇ ಆಗಿತ್ತು.

ಆದ್ದರಿಂದ ಸಿ.ಎಂ.ಎಸ್. ಯಾವುದೇ ಇರಲಿ, ಅದಕ್ಕಿಂತ ಮೊದಲು ಸ್ವಂತ ಡೊಮೈನ್ ಹೆಸರು ಇರಬೇಕು. ಡೊಮೈನ್ ಎಂಬುದು ಅಂತರ್ಜಾಲದಲ್ಲಿ ನಮ್ಮ ವಿಳಾಸ. ಒಳಗಿನ ತಂತ್ರಾಂಶವನ್ನು ಬದಲಿಸಿದರೂ, ಸರ್ವರ್ ಬದಲಿಸಿದರೂ ಆ ವಿಳಾಸ ಬದಲಾಗದು. ಡಾಟ್ ಕಾಮ್ ಇರಬಹುದು, ಡಾಟ್ ಇನ್ ಇರಬಹುದು. ಕನ್ನಡ ಲಿಪಿಯಲ್ಲಿಯೇ ‘.ಭಾರತ’ ಎಂಬ ವಿಳಾಸವೂ ಇದೆ. ನೋಂದಣಿ ಮಾತ್ರ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲ್ ವಿಳಾಸದಲ್ಲಿಯೇ ಆಗಿರಬೇಕು. ‘ಅದನ್ನೆಲ್ಲ ನಾವೇ ನೋಡಿಕೊಳ್ಳುತ್ತೇವೆ ಸಾರ್, ನೀವು ತಲೆ ಕೆಡಿಸಿಕೊಳ್ಳಬೇಡಿ’ ಎಂದು ವಿನ್ಯಾಸಕಾರ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡರೆ ಆತ ಊರು ಬಿಟ್ಟ ದಿನ ಅಥವಾ ಬಾಕಿ ಹಣದ ತಕರಾರು ಎದ್ದ ದಿನ ತಾಣವೂ ನಿಲ್ಲುತ್ತದೆ, ಅದಕ್ಕೆ ಅಂಟಿಕೊಂಡ ಇ-ಮೇಲ್‌ಗಳೂ ನಿಲ್ಲುತ್ತವೆ. ವಿಚಾರಣಾ ಪತ್ರಗಳು, ಟೆಂಡರ್ ಸೂಚನೆಗಳು, ಬ್ಯಾಂಕಿನ ಪತ್ರಗಳು ಆ ಇ-ಮೇಲ್‌ಗೇ ಬರುತ್ತಿದ್ದರೆ ನಷ್ಟ ಜಾಲತಾಣದ ಬೆಲೆಗೆ ಸೀಮಿತವಾಗಿರುವುದಿಲ್ಲ.

ಬಾಡಿಗೆಯ ವ್ಯವಸ್ಥೆ ಎಲ್ಲರಿಗೂ ತಕ್ಕುದಲ್ಲ ಎಂದು ಇದರ ಅರ್ಥವಲ್ಲ. ಕಚೇರಿಯಲ್ಲಿ ತಂತ್ರಜ್ಞರಿಲ್ಲ, ನವೀಕರಣ–ಭದ್ರತೆಗಳ ಗೊಡವೆ ಬೇಡ, ಮುಂದಿನ ತಿಂಗಳಿನಿಂದಲೇ ಮಾರಾಟ ಆರಂಭವಾಗಬೇಕು ಎನ್ನುವ ಉದ್ಯಮಿಗೆ ಶಾಪಿಫೈನಂತಹ ಸೇವೆ ನಿಜಕ್ಕೂ ಅನುಕೂಲ. ಆದರೆ ಲೆಕ್ಕ ಹಾಕುವಾಗ ಮಾಸಿಕ ಬಾಡಿಗೆಯೊಂದನ್ನೇ ನೋಡಬಾರದು. ಹೊರಗಿನ ಪಾವತಿ ಸೇವೆಯನ್ನು ಬಳಸಿದರೆ ಪ್ರತಿ ವ್ಯವಹಾರದ ಮೇಲೂ ಶುಲ್ಕ, ಹೆಚ್ಚುವರಿ ಸೌಲಭ್ಯಗಳಿಗೆ ಪ್ರತ್ಯೇಕ ಬಾಡಿಗೆ, ಡಾಲರ್ ದರದಲ್ಲಿ ಪಾವತಿಯಿದ್ದರೆ ವಿನಿಮಯದ ಏರಿಳಿತ, ಇವೂ ಸೇರುತ್ತವೆ. ಬಿಟ್ಟು ಹೊರಡುವ ದಾರಿಯೂ ಎಲ್ಲ ಕಡೆ ಒಂದೇ ಬಗೆಯಲ್ಲಿಲ್ಲ. ಶಾಪಿಫೈನಿಂದ ಸರಕು, ಗ್ರಾಹಕರು, ಆರ್ಡರುಗಳ ಪಟ್ಟಿಯನ್ನು ಕೋಷ್ಟಕ ರೂಪದ ಕಡತಗಳಾಗಿ ಹೊರತೆಗೆಯಬಹುದು. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಇಡಿಯಾಗಿ ಎತ್ತಿ ಬೇರೆ ಸರ್ವರ್‌ನಲ್ಲಿ ಇಡುವಂತಿಲ್ಲ. ಪುಟಗಳನ್ನು ಹೊಸದಾಗಿಯೇ ಕಟ್ಟಬೇಕು. ಇದನ್ನು ತಿಳಿದೇ ಒಪ್ಪಿಕೊಳ್ಳುವುದು ಬೇರೆ, ಐದು ವರ್ಷಗಳ ನಂತರ ತಿಳಿದುಕೊಳ್ಳುವುದು ಬೇರೆ.

ಮುಕ್ತ ತಂತ್ರಾಂಶದ ಬಲ

‘ಉಚಿತ ತಂತ್ರಾಂಶವಂತೆ, ನಂಬಬಹುದೇ?’ ಎಂಬ ಶಂಕೆಯನ್ನು ಹಿರಿಯ ವರ್ತಕರು ಈಗಲೂ ವ್ಯಕ್ತಪಡಿಸುತ್ತಾರೆ. ವರ್ತಕರ ಸಹಜ ಬುದ್ಧಿಯೇ ಅದು, ತಪ್ಪಲ್ಲ. ಆದರೆ ಇಲ್ಲಿ ಮುಖ್ಯವಾದದ್ದು ಬೆಲೆಯಲ್ಲ, ಪರವಾನಗಿಯ ಷರತ್ತು. ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಾಲ್ ಮೂರೂ ಜಿ.ಪಿ.ಎಲ್. ಎಂಬ ಪರವಾನಗಿಯಡಿ ದೊರೆಯುತ್ತವೆ. ಅದರಂತೆ ಯಾರು ಬೇಕಾದರೂ ತಂತ್ರಾಂಶದ ಮೂಲಸಂಕೇತವನ್ನು ಪಡೆದು, ತಿದ್ದಿ, ಹಂಚಬಹುದು. ಒಬ್ಬ ಮಾಲೀಕ ಮುನಿಸಿಕೊಂಡರೆ ಬಳಕೆದಾರರು ಬೀದಿಗೆ ಬೀಳುವುದಿಲ್ಲ.

ಇದು ಪುಸ್ತಕದ ಮಾತಲ್ಲ. 2000ದ ದಶಕದ ಆರಂಭದಲ್ಲಿ ಬ್ಲಾಗ್ ಬರಹಗಾರರಿಗೆ ಪ್ರಿಯವಾಗಿದ್ದ ‘ಮೂವಬಲ್ ಟೈಪ್’ ಎಂಬ ವ್ಯವಸ್ಥೆ 2004ರ ಮೇ ತಿಂಗಳಲ್ಲಿ ತನ್ನ ಮೂರನೆಯ ಆವೃತ್ತಿಗೆ ಹೊಸ ದರ–ಷರತ್ತುಗಳನ್ನು ಪ್ರಕಟಿಸಿತು. ಬಳಕೆದಾರರು ಅಸಮಾಧಾನಗೊಂಡು ದೊಡ್ಡ ಸಂಖ್ಯೆಯಲ್ಲಿ ವರ್ಡ್‌ಪ್ರೆಸ್‌ಗೆ ಬಂದರು. ಆ ವರ್ಡ್‌ಪ್ರೆಸ್ ಆದರೂ ಹುಟ್ಟಿದ್ದು ಹೇಗೆ? ‘ಬಿ2’ ಎಂಬ ಮುಕ್ತ ತಂತ್ರಾಂಶದ ಅಭಿವೃದ್ಧಿ ನಿಂತುಹೋದಾಗ ಅಮೆರಿಕದ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟ್ಲ್ ಅದರ ಸಂಕೇತವನ್ನೇ ಎತ್ತಿಕೊಂಡು ಮುಂದುವರಿಸಿದರು. 2003ರ ಮೇ 27ರಂದು ಮೊದಲ ಆವೃತ್ತಿ ಬಂತು. ಜೂಮ್ಲಾದ ಜನನವೂ ಜಗಳದಿಂದಲೇ. ಆಸ್ಟ್ರೇಲಿಯಾದ ಕಂಪೆನಿಯೊಂದರ ಹಿಡಿತದಲ್ಲಿದ್ದ ‘ಮ್ಯಾಂಬೊ’ ವ್ಯವಸ್ಥೆಯ ಒಡೆತನದ ಬಗ್ಗೆ 2005ರಲ್ಲಿ ಭಿನ್ನಾಭಿಪ್ರಾಯ ತಲೆದೋರಿದಾಗ ಅಭಿವೃದ್ಧಿಗಾರರು ಗುಂಪಾಗಿ ಹೊರಬಂದು, ಅದೇ ಸಂಕೇತವನ್ನು ಜೂಮ್ಲಾ ಎಂಬ ಹೆಸರಿನಲ್ಲಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದರು. ಸ್ವಾಹಿಲಿ ಭಾಷೆಯ ಆ ಪದಕ್ಕೆ ‘ಎಲ್ಲರೂ ಒಟ್ಟಾಗಿ’ ಎಂಬರ್ಥವಿದೆ. ಉರ್ದುವಿನ ‘ಜುಮ್ಲಾ’ದ ಬಳಗದ್ದೇ ಅದು. ಮ್ಯಾಂಬೊ ಕ್ರಮೇಣ ಕಣ್ಮರೆಯಾಯಿತು. ಅದರ ಮೇಲೆ ತಾಣ ಕಟ್ಟಿದ್ದವರಿಗೆ ಮಾತ್ರ ಹೋಗಲು ಒಂದು ಜಾಗವಿತ್ತು.

ಮುಕ್ತ ಎಂದಮಾತ್ರಕ್ಕೆ ತಂಟೆ ಇಲ್ಲವೆಂದಲ್ಲ. 2024ರ ಸೆಪ್ಟೆಂಬರಿನಲ್ಲಿ ಮುಲ್ಲೆನ್‌ವೆಗ್ ಅವರಿಗೂ ‘ಡಬ್ಲ್ಯು.ಪಿ. ಎಂಜಿನ್’ ಎಂಬ ದೊಡ್ಡ ಹೋಸ್ಟಿಂಗ್ ಕಂಪೆನಿಗೂ ಬಹಿರಂಗ ವಿವಾದ ಹತ್ತಿಕೊಂಡಿತು. ಆ ಕಂಪೆನಿಯ ಸರ್ವರ್‌ಗಳಲ್ಲಿದ್ದ ತಾಣಗಳಿಗೆ ವರ್ಡ್‌ಪ್ರೆಸ್‌ನ ಕೇಂದ್ರ ಭಂಡಾರದಿಂದ ನವೀಕರಣಗಳು ದೊರೆಯದಂತೆ ತಡೆಯಲಾಯಿತು. ಡಿಸೆಂಬರ್ 10ರಂದು ಅಮೆರಿಕದ ನ್ಯಾಯಾಲಯ ಮಧ್ಯಂತರ ಆದೇಶ ನೀಡಿ ಆ ತಡೆಯನ್ನು ತೆಗೆಯಬೇಕೆಂದಿತು. ಇಬ್ಬರು ದೊಡ್ಡವರ ಜಗಳದಲ್ಲಿ ಯಾವ ಸಂಬಂಧವೂ ಇಲ್ಲದ ಸಣ್ಣ ವ್ಯಾಪಾರಿಗಳು ಆತಂಕಪಟ್ಟದ್ದು ನಿಜ. ಆದರೂ ತಾಣಗಳು ಅಳಿಸಿಹೋಗಲಿಲ್ಲ. ಬೇರೆ ಸರ್ವರ್‌ಗೆ ಹೋಗಬಯಸಿದವರು ತಮ್ಮ ಕಡತಗಳನ್ನೂ ಡೇಟಾಬೇಸನ್ನೂ ತೆಗೆದುಕೊಂಡು ಹೋಗಬಹುದಾಗಿತ್ತು.

ಯಾರಿಗೆ ಯಾವುದು?

ಜಗತ್ತಿನ ಜಾಲತಾಣಗಳಲ್ಲಿ ಶೇ. 40ಕ್ಕೂ ಹೆಚ್ಚು ವರ್ಡ್‌ಪ್ರೆಸ್‌ನಲ್ಲಿವೆ ಎಂದು ಡಬ್ಲ್ಯು3ಟೆಕ್ಸ್ ಸಂಸ್ಥೆಯ ಸಮೀಕ್ಷೆಗಳು ತಿಳಿಸುತ್ತವೆ. ಜನಪ್ರಿಯತೆಯೇ ಗುಣವಲ್ಲ, ಆದರೆ ನಮ್ಮಂತಹವರಿಗೆ ಅದರಿಂದ ಒಂದು ಲಾಭವಿದೆ. ಹುಬ್ಬಳ್ಳಿಯಲ್ಲಾಗಲಿ, ಶಿವಮೊಗ್ಗದಲ್ಲಾಗಲಿ ಒಬ್ಬ ಕೆಲಸಗಾರ ಕೈಬಿಟ್ಟರೆ ಅದೇ ಕೆಲಸ ಬಲ್ಲ ಇನ್ನೊಬ್ಬ ಸಿಗುತ್ತಾನೆ. ಲಾರಿ ಕೊಳ್ಳುವಾಗ ಬಿಡಿಭಾಗ ಯಾವ ಊರಿನಲ್ಲಿ ಸಿಗುತ್ತದೆಂದು ವಿಚಾರಿಸುವುದಿಲ್ಲವೇ? ಇದೂ ಅಂತಹುದೇ. ಹತ್ತಿಪ್ಪತ್ತು ಪುಟ, ಸರಕಿನ ಪಟ್ಟಿ, ಆಗಾಗ್ಗೆ ಒಂದು ಸುದ್ದಿ ಅಥವಾ ಬ್ಲಾಗ್ ಬರಹ, ವಿಚಾರಣೆಗೊಂದು ಅರ್ಜಿ, ಇಷ್ಟೇ ಬೇಕಿರುವ ಸಾಮಾನ್ಯ ಉದ್ಯಮಕ್ಕೆ ಸ್ವಂತ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್ ಸಾಕು ಎಂಬುದು ಈ ಲೇಖಕನ ಅಭಿಪ್ರಾಯ. ಅಂಗಡಿ ಬೇಕಾದರೆ ಅದಕ್ಕೇ ವೂಕಾಮರ್ಸ್ ಎಂಬ ಜೋಡಣೆಯಿದೆ.

ಬೆಲ್ಜಿಯಂನ ಡ್ರೀಸ್ ಬಾಯ್ಟಾರ್ಟ್ 2001ರಲ್ಲಿ ಬಿಡುಗಡೆ ಮಾಡಿದ ಡ್ರೂಪಾಲ್ ಇನ್ನೊಂದು ತೂಕದ್ದು. ಸಾವಿರಾರು ಬಿಡಿಭಾಗಗಳ ಕ್ಯಾಟಲಾಗು, ವಿತರಕರಿಗೆ ಒಂದು ಬೆಲೆ, ಚಿಲ್ಲರೆ ಗ್ರಾಹಕರಿಗೆ ಇನ್ನೊಂದು, ವಿಭಾಗಕ್ಕೊಬ್ಬ ಸಂಪಾದಕ ಎಂಬಂತಹ ಕಟ್ಟುಪಾಡು ಬೇಕಾದ ದೊಡ್ಡ ಸಂಸ್ಥೆಗೆ ಅದು ಒಪ್ಪುತ್ತದೆ. ಆದರೆ ಬಲ್ಲ ಕೆಲಸಗಾರರು ಕಡಿಮೆ, ಕೂಲಿ ಹೆಚ್ಚು. ಅಮೆರಿಕದ ಶ್ವೇತಭವನದ ತಾಣ 2009ರ ಅಕ್ಟೋಬರಿನಲ್ಲಿ ಡ್ರೂಪಾಲ್‌ಗೆ ಬಂದಾಗ ಅದು ದೊಡ್ಡ ಸುದ್ದಿಯಾಗಿತ್ತು. 2017ರ ಡಿಸೆಂಬರಿನಲ್ಲಿ ಅದೇ ತಾಣ ವರ್ಡ್‌ಪ್ರೆಸ್‌ಗೆ ಹೋಯಿತು. ಶ್ವೇತಭವನ ಬಳಸುತ್ತದೆ ಎಂಬ ಕಾರಣಕ್ಕೆ ವ್ಯವಸ್ಥೆಯನ್ನು ಆರಿಸಿದವರು ಆಗ ಏನು ಮಾಡಿದರೋ! ಜೂಮ್ಲಾ ಇವೆರಡರ ನಡುವಿನದು. ಎರಡು ಭಾಷೆಗಳಲ್ಲಿ ತಾಣ ನಡೆಸುವ ಸೌಲಭ್ಯ ಜೂಮ್ಲಾದಲ್ಲಿಯೂ ಡ್ರೂಪಾಲ್‌ನಲ್ಲಿಯೂ ಮೂಲದಲ್ಲೇ ಅಡಕವಾಗಿದೆ. ವರ್ಡ್‌ಪ್ರೆಸ್‌ನಲ್ಲಿ ಅದಕ್ಕೆ ಪಾಲಿಲ್ಯಾಂಗ್‌ನಂತಹ ಪ್ರತ್ಯೇಕ ಪ್ಲಗಿನ್ ಬೇಕು.

ಇನ್ನು ಮೂರನೆಯ ಬಗೆ, ನಿರ್ಮಾಣ ಸಂಸ್ಥೆಯ ಸ್ವಂತ ವ್ಯವಸ್ಥೆ. ‘ನಿಮಗೆಂದೇ ವಿಶೇಷವಾಗಿ ಸಿದ್ಧಪಡಿಸಿದ್ದು’ ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಮೂಲಸಂಕೇತ ನಮ್ಮ ಕೈಗೆ ಬರುವುದಿಲ್ಲ, ಬಂದರೂ ಬರೆದವನ ಹೊರತು ಇನ್ನೊಬ್ಬನಿಗೆ ಅರ್ಥವಾಗುವುದಿಲ್ಲ, ಭದ್ರತೆಯ ಲೋಪಗಳನ್ನು ಹೊರಗಿನವರಾರೂ ಪರೀಕ್ಷಿಸಿರುವುದಿಲ್ಲ. ಉತ್ಪಾದನೆ, ದಾಸ್ತಾನು, ಬುಕಿಂಗ್‌ಗಳಂತಹ ವ್ಯವಹಾರದ ತಿರುಳಿಗೆ ಸಂಬಂಧಿಸಿದ ಅಸಾಧಾರಣ ಅಗತ್ಯವಿದ್ದರೆ ಬೇರೆ ಮಾತು. ಸಂಸ್ಥೆಯ ಪರಿಚಯ, ಸರಕಿನ ಪಟ್ಟಿ, ಸಂಪರ್ಕ ವಿಳಾಸಗಳಿಗಾಗಿ ಇಂತಹ ಬಂಧನಕ್ಕೆ ಒಳಗಾಗುವುದಕ್ಕೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಏಳು ಗಂಟೆಗಳ ಅವಕಾಶ

ಸ್ವಂತ ಮನೆಗೆ ಸುಣ್ಣ–ಬಣ್ಣದ ಖರ್ಚು ಸ್ವಂತದ್ದೇ. ಮುಕ್ತ ತಂತ್ರಾಂಶವನ್ನು ಸ್ಥಾಪಿಸಿ ಮರೆತುಬಿಡುವುದು ನಮ್ಮಲ್ಲಿ ಅತಿ ಸಾಮಾನ್ಯವಾದ, ಅತಿ ದುಬಾರಿಯಾದ ಅಭ್ಯಾಸ. 2014ರ ಅಕ್ಟೋಬರ್ 15ರಂದು ಡ್ರೂಪಾಲ್ 7ರಲ್ಲಿ ಗಂಭೀರ ಲೋಪವೊಂದು ಪ್ರಕಟವಾಯಿತು, ಅದೇ ಹೊತ್ತಿಗೆ ತಿದ್ದುಪಡಿಯೂ ಬಿಡುಗಡೆಯಾಯಿತು. ಎರಡು ವಾರಗಳ ನಂತರ ಡ್ರೂಪಾಲ್‌ನ ಭದ್ರತಾ ತಂಡ ಹೇಳಿದ್ದು ಬೆಚ್ಚಿಬೀಳಿಸುವಂತಿತ್ತು: ಪ್ರಕಟಣೆಯಾದ ಏಳು ಗಂಟೆಗಳೊಳಗೆ ತಿದ್ದುಪಡಿ ಹಾಕಿಕೊಳ್ಳದ ಪ್ರತಿಯೊಂದು ತಾಣವೂ ದಾಳಿಗೆ ತುತ್ತಾಗಿದೆ ಎಂದೇ ಭಾವಿಸಿ ಮುಂದುವರಿಯಿರಿ. ಆ ಏಳು ಗಂಟೆಗಳಲ್ಲಿ ನಮ್ಮ ಎಷ್ಟು ಕಚೇರಿಗಳಲ್ಲಿ ಸುದ್ದಿಯಾದರೂ ತಲುಪಿರುತ್ತಿತ್ತು? 2016ರಲ್ಲಿ ‘ಪನಾಮಾ ಪೇಪರ್ಸ್’ ಎಂದು ಹೆಸರಾದ ಸುಮಾರು 1.15 ಕೋಟಿ ದಾಖಲೆಗಳ ಸೋರಿಕೆಗೆ ಒಳಗಾದ ಕಾನೂನು ಸಂಸ್ಥೆ ಹಳೆಯ ಆವೃತ್ತಿಯ ಡ್ರೂಪಾಲನ್ನೂ, ವರ್ಡ್‌ಪ್ರೆಸ್‌ಗೆ ಜೋಡಿಸಿದ ಹಳೆಯ ಚಿತ್ರಪ್ರದರ್ಶಕ ಪ್ಲಗಿನ್ ಒಂದನ್ನೂ ನವೀಕರಿಸದೆ ಬಳಸುತ್ತಿತ್ತೆಂದು ಆಮೇಲೆ ವರದಿಯಾಯಿತು. ಸೋರಿಕೆ ಆ ದಾರಿಯಲ್ಲೇ ಆಯಿತೆಂದು ಸಾಬೀತಾಗಿಲ್ಲ. ಕಕ್ಷಿದಾರರ ಗುಟ್ಟನ್ನು ಕಾಯುವುದೇ ಕಸುಬಾಗಿದ್ದ ಸಂಸ್ಥೆಯ ಬಾಗಿಲು ಹಾಗೆ ತೆರೆದಿತ್ತು ಎಂಬುದಷ್ಟೇ ಸಾಕು.

ಆವೃತ್ತಿಗಳಿಗೆ ಆಯುಷ್ಯವೂ ಇದೆ. ಆನ್‌ಲೈನ್ ಅಂಗಡಿಗಳ ಮ್ಯಾಜೆಂಟೊ 1ಕ್ಕೆ 2020ರ ಜೂನ್‌ನಲ್ಲಿ, ಜೂಮ್ಲಾ 3ಕ್ಕೆ 2023ರ ಆಗಸ್ಟ್‌ನಲ್ಲಿ, ಡ್ರೂಪಾಲ್ 7ಕ್ಕೆ 2025ರ ಜನವರಿ 5ರಂದು ಅಧಿಕೃತ ಬೆಂಬಲ ನಿಂತಿತು. ಮ್ಯಾಜೆಂಟೊ ಮತ್ತು ಡ್ರೂಪಾಲ್‌ಗಳ ಆ ಆವೃತ್ತಿಗಳಿಂದ ಹೊಸದಕ್ಕೆ ಹೋಗುವುದು ನವೀಕರಣವಲ್ಲ, ಹೆಚ್ಚುಕಡಿಮೆ ಮರುನಿರ್ಮಾಣ. ವರ್ಡ್‌ಪ್ರೆಸ್ 2013ರ ಅಕ್ಟೋಬರಿನಿಂದ ಸಣ್ಣ ಭದ್ರತಾ ತಿದ್ದುಪಡಿಗಳನ್ನು ತಾನಾಗಿಯೇ ಹಾಕಿಕೊಳ್ಳುತ್ತದೆ. ಅದು ದೊಡ್ಡ ಅನುಕೂಲ. ಆದರೆ ಅಪಾಯ ಹೆಚ್ಚಾಗಿ ಬರುವುದು ಪ್ಲಗಿನ್‌ಗಳ ಮೂಲಕ. ಒಂದೊಂದು ಸಣ್ಣ ಸೌಲಭ್ಯಕ್ಕೂ ಒಂದೊಂದು ಪ್ಲಗಿನ್ ಎಂದು ಮೂವತ್ತು–ನಲವತ್ತನ್ನು ತುಂಬಿಸಿದ ತಾಣಗಳಿವೆ. ಅವುಗಳಲ್ಲಿ ಎಷ್ಟನ್ನು ಬರೆದವರೇ ಕೈಬಿಟ್ಟಿದ್ದಾರೆಂದು ಯಾರಿಗೂ ತಿಳಿದಿರುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಹಣ ಕೊಟ್ಟು ಕೊಳ್ಳಬೇಕಾದ ಥೀಮುಗಳ ಕಳ್ಳ ನಕಲುಗಳನ್ನು ಹಾಕಿ ಕೊಡುವ ಚಾಳಿ. ಇಂತಹ ನಕಲುಗಳಲ್ಲಿ ಹಿಂಬಾಗಿಲನ್ನು ಅಡಗಿಸಿಟ್ಟಿರುವುದು ಸಾಮಾನ್ಯ. ಥೀಮು ಮತ್ತು ಪ್ಲಗಿನ್‌ಗಳ ಖರೀದಿ ರಸೀದಿಯನ್ನು ನಮ್ಮ ಹೆಸರಿನಲ್ಲಿಯೇ ಕೇಳಿ ಪಡೆಯುವುದು ಇದಕ್ಕೆ ಪರಿಹಾರ.

ಪ್ರತಿಷ್ಠೆಯ ಪ್ರಶ್ನೆಯ ಜೊತೆಗೆ ಕಾನೂನಿನ ಹೊಣೆಯೂ ಇದೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಜಾಲತಾಣದ ಮೇಲಿನ ದಾಳಿಯೂ ಸೇರಿದಂತೆ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ವಿಚಾರಣಾ ಅರ್ಜಿಯ ಮೂಲಕ ನಾವು ಸಂಗ್ರಹಿಸುವ ಹೆಸರು, ಮೊಬೈಲ್ ಸಂಖ್ಯೆಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುವಂತಿವೆ. ಆನ್‌ಲೈನ್ ಮಾರಾಟ ಮಾಡುವವರು 2020ರ ಇ-ವಾಣಿಜ್ಯ ನಿಯಮಗಳಂತೆ ಸಂಸ್ಥೆಯ ಕಾನೂನುಬದ್ಧ ಹೆಸರು, ವಿಳಾಸ, ದೂರು ಸ್ವೀಕರಿಸುವ ಅಧಿಕಾರಿಯ ವಿವರಗಳನ್ನು ತಾಣದಲ್ಲಿ ತೋರಿಸಬೇಕು. ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ವ್ಯಾಪಾರಿ ತನ್ನಲ್ಲಿ ಉಳಿಸಿಕೊಳ್ಳಲು ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಅವಕಾಶವಿಲ್ಲ. ಪಾವತಿಯ ಭಾಗವನ್ನು ಮಾನ್ಯತೆ ಪಡೆದ ಪಾವತಿ ಸೇವೆಗೇ ಬಿಡುವ ವ್ಯವಸ್ಥೆಯನ್ನು ಮಾತ್ರ ಒಪ್ಪಬೇಕು.

ಕನ್ನಡದ ಪರೀಕ್ಷೆ

ನಮ್ಮ ರಾಜ್ಯದ ಉದ್ಯಮಿಗಳಿಗೆ ಇನ್ನೊಂದು ಪರೀಕ್ಷೆ ಅವಶ್ಯ, ಅದು ಕನ್ನಡದ್ದು. ಪ್ರದರ್ಶನದ ವೇಳೆ ತೋರಿಸುವುದೆಲ್ಲ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದ ತೊಡಕುಗಳು ಹೊರಬೀಳುವುದು ಹಣ ಪಾವತಿಯಾದ ಮೇಲೆ. ಅನೇಕ ಕಚೇರಿಗಳಲ್ಲಿ ಹಳೆಯ ಕನ್ನಡ ಪಠ್ಯ ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿದೆ. ಅವು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿಯೇ ಕನ್ನಡದ ಆಕೃತಿಗಳನ್ನು ಇರಿಸಿದಂತಹವು. ಆ ಪಠ್ಯವನ್ನು ಹಾಗೆಯೇ ಸಿ.ಎಂ.ಎಸ್.ಗೆ ಅಂಟಿಸಿದರೆ ಓದುಗನಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಫಾಂಟನ್ನು ಹೇಗೋ ಜೋಡಿಸಿ ಓದುವಂತೆ ಮಾಡಿದರೂ ಗೂಗಲ್‌ನಲ್ಲಿ ಹುಡುಕಿದವರಿಗೆ ಅದು ಸಿಗದು. ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸುವ ಹೊಣೆ ಯಾರದೆಂದು ಕೊಟೇಷನ್‌ನಲ್ಲಿಯೇ ಬರೆಸಿಕೊಳ್ಳಬೇಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳಿರುವ ಸಾಲುಗಳನ್ನು ಕನ್ನಡ ಬಲ್ಲವರೊಬ್ಬರು ಕಣ್ಣಾರೆ ಓದಬೇಕು.

ಡೇಟಾಬೇಸ್‌ನದು ಮತ್ತೊಂದು ಕಥೆ. ಈ ವ್ಯವಸ್ಥೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಡೇಟಾಬೇಸ್ 2018ರ 8.0 ಆವೃತ್ತಿ ಬರುವವರೆಗೆ, ಬೇರೆ ಸೂಚನೆ ಇಲ್ಲದಿದ್ದರೆ, ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಇದ್ದ ಅಕ್ಷರಸಂಕೇತವನ್ನೇ ಹಿಡಿಯುತ್ತಿತ್ತು. ಅದರಲ್ಲಿ ಕನ್ನಡವನ್ನು ಉಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಮೂಲ ಪಠ್ಯ ಮರಳಿ ಬರುವುದಿಲ್ಲ. ಹಳೆಯ ತಾಣವನ್ನು ಹೊಸದಕ್ಕೆ ಸಾಗಿಸುವಾಗ ಈ ಅವಘಡ ಇಂದಿಗೂ ಸಂಭವನೀಯ. ಆದ್ದರಿಂದ ಮೊದಲು ಹತ್ತು ಕನ್ನಡ ಪುಟಗಳನ್ನು ಸಾಗಿಸಿ ನೋಡಿ, ಆಮೇಲೆ ಉಳಿದದ್ದು.

ಪುಟಗಳ ವಿಳಾಸದಲ್ಲಿಯೂ ಸೂಕ್ಷ್ಮವಿದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಕನ್ನಡದಲ್ಲೇ ರಚಿಸುತ್ತದೆ. ಆದರೆ ಒಳಗೆ ಪ್ರತಿಯೊಂದು ಕನ್ನಡ ಸಂಕೇತವೂ ಒಂಬತ್ತು ಸ್ಥಾನಗಳನ್ನು ಆಕ್ರಮಿಸುತ್ತದೆ. ‘ಶ್ರೀ’ ಎಂಬಲ್ಲಿ ನಾಲ್ಕು ಸಂಕೇತಗಳಿರುವುದರಿಂದ ಅದೊಂದಕ್ಕೇ 36 ಸ್ಥಾನ. ವರ್ಡ್‌ಪ್ರೆಸ್ ಪುಟವೊಂದರ ಹೆಸರಿಗೆ ಕೊಡುವುದು 200 ಸ್ಥಾನ, ಅಂದರೆ 22 ಕನ್ನಡ ಸಂಕೇತ. ಮೂರು–ನಾಲ್ಕು ಪದ ಮುಗಿಯುವಷ್ಟರಲ್ಲಿ ವಿಳಾಸ ಕತ್ತರಿಸಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿಯಾಗಿ ಕಾಣುವುದೂ ಉಂಟು. ಪುಟಕ್ಕೆ ಚಿಕ್ಕ ವಿಳಾಸವನ್ನು ಕೈಯಾರೆ ಕೊಡುವುದನ್ನು ಗುಮಾಸ್ತರಿಗೆ ಕಲಿಸಿದರೆ ತೊಂದರೆ ತಪ್ಪುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ನಿಜಕ್ಕೂ ಸಿ.ಎಂ.ಎಸ್. ಬೇಕೇ ಎಂದೂ ಕೇಳಿಕೊಳ್ಳಬಹುದು. ಐದು ಪುಟಗಳಿವೆ, ಎರಡು ವರ್ಷಕ್ಕೊಮ್ಮೆ ಒಂದು ಸಾಲು ಬದಲಾಗುತ್ತದೆ ಎಂಬಂತಹ ಸಂಸ್ಥೆಗೆ ಹಳೆಯ ಕಾಲದ ಸರಳ ಕಡತಗಳೇ ಲೇಸು. ಡೇಟಾಬೇಸ್ ಇಲ್ಲ, ಪ್ಲಗಿನ್ ಇಲ್ಲ, ಒಡೆದು ಒಳನುಗ್ಗಲು ಬಾಗಿಲೇ ಕಡಿಮೆ. ಹ್ಯೂಗೊ, ಜೆಕಿಲ್‌ನಂತಹ ಉಪಕರಣಗಳು ಇಂತಹ ಸ್ಥಿರ ಪುಟಗಳನ್ನು ಸಾದಾ ಪಠ್ಯ ಕಡತಗಳಿಂದ ತಯಾರಿಸಿಕೊಡುತ್ತವೆ. ಗುಮಾಸ್ತರ ಬದಲು ತಂತ್ರಜ್ಞರೇ ತಿದ್ದಬೇಕಾಗುತ್ತದೆ ಎಂಬುದೊಂದೇ ಕೊರತೆ. ‘ಬ್ಲಾಗ್ ವಿಭಾಗವೂ ಇರಲಿ’ ಎಂದು ಮಾಡಿಸಿಕೊಂಡು, ಉದ್ಘಾಟನೆಯ ದಿನದ ಒಂದೇ ಬರಹದೊಂದಿಗೆ ನಿಂತುಹೋದ ತಾಣಗಳನ್ನು ಎಣಿಸಿದರೆ ಈ ಸಲಹೆ ವಿಚಿತ್ರವೆನಿಸದು.

ಕರಾರಿನಲ್ಲಿ ಏನಿರಬೇಕು

ಯಾವ ವ್ಯವಸ್ಥೆಯನ್ನೇ ಆರಿಸಿದರೂ ಕೆಲಸ ಒಪ್ಪಿಸುವ ಮುನ್ನ ಒಂದು ಪುಟದ ಕರಾರು ಸಾಕು. ಡೊಮೈನ್ ಮತ್ತು ಹೋಸ್ಟಿಂಗ್ ಖಾತೆಗಳು ಸಂಸ್ಥೆಯ ಹೆಸರಿನಲ್ಲಿರಬೇಕು, ಸಿ.ಎಂ.ಎಸ್.ನಲ್ಲಿ ಅತ್ಯುನ್ನತ ಅಧಿಕಾರದ ಒಂದು ಖಾತೆ ಮಾಲೀಕರದಾಗಿರಬೇಕು, ವಿನ್ಯಾಸಕಾರನಿಗೆ ಪ್ರತ್ಯೇಕ ಖಾತೆ ಇರಬೇಕು. ಬರಹ, ಛಾಯಾಚಿತ್ರ, ವಿನ್ಯಾಸಗಳ ಹಕ್ಕು ಯಾರದೆಂದು ನಮೂದಾಗಬೇಕು. ನವೀಕರಣ ಮಾಡುವವರು ಯಾರು, ವರ್ಷಕ್ಕೆ ಎಷ್ಟು, ತುರ್ತು ತಿದ್ದುಪಡಿಗೆ ಎಷ್ಟು ಗಂಟೆ ಎಂಬುದನ್ನು ನಿರ್ಮಾಣ ವೆಚ್ಚದಿಂದ ಬೇರ್ಪಡಿಸಿ ಬರೆಯಬೇಕು. ನಿರ್ಮಾಣಕ್ಕೆ ಕಡಿಮೆ ದರ ಹೇಳಿ ನಿರ್ವಹಣೆಯ ಬಗ್ಗೆ ಮೌನವಾಗಿರುವ ಕೊಟೇಷನ್ ಅಗ್ಗದ್ದಲ್ಲ.

ಕೊನೆಯ ಕಂತಿನ ಹಣ ಕೊಡುವ ಮುನ್ನ ಒಂದು ಪ್ರಯೋಗವನ್ನು ಕೇಳಬಹುದು. ತಾಣದ ಬ್ಯಾಕಪ್ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು, ಬೇರೊಂದು ಸರ್ವರ್‌ನಲ್ಲಿ ಅಥವಾ ಕಚೇರಿಯದೇ ಗಣಕದಲ್ಲಿ ನಮ್ಮ ಎದುರಿಗೇ ತಾಣವನ್ನು ಮತ್ತೆ ನಿಲ್ಲಿಸಿ ತೋರಿಸಲಿ. ಬಲ್ಲವರಿಗೆ ಇದು ಒಂದೆರಡು ಗಂಟೆಗಳ ಕೆಲಸ. ಬಾಡಿಗೆಯ ವ್ಯವಸ್ಥೆಯಾದರೆ ಸರಕು ಮತ್ತು ಗ್ರಾಹಕರ ಪಟ್ಟಿಯನ್ನು ಹೊರತೆಗೆದು ಎಕ್ಸೆಲ್‌ನಲ್ಲಿ ತೆರೆದು ತೋರಿಸಲಿ, ಕನ್ನಡದ ಹೆಸರುಗಳು ಸರಿಯಾಗಿ ಕಾಣುತ್ತವೆಯೇ ಎಂದು ಅಲ್ಲೇ ನೋಡಿಕೊಳ್ಳಬಹುದು. ಆಮೇಲೆ ಮಾರ್ಚ್ ಅಂತ್ಯದ ಲೆಕ್ಕ ಮುಗಿಸುವಾಗ ಹೊಸ ಬ್ಯಾಕಪ್ ಒಂದನ್ನು ಲೆಕ್ಕಪುಸ್ತಕಗಳ ಜೊತೆಗೇ ಕಪಾಟಿನಲ್ಲಿಟ್ಟು, ಡೊಮೈನ್ ಹಾಗೂ ಹೋಸ್ಟಿಂಗ್‌ಗಳ ನವೀಕರಣದ ದಿನಾಂಕಗಳನ್ನು ವಿಮೆ ಮತ್ತು ಪರವಾನಗಿಗಳ ದಿನಾಂಕದ ಪಟ್ಟಿಯಲ್ಲಿಯೇ ಬರೆದಿಡುವಂತೆ ಅಕೌಂಟೆಂಟರಿಗೆ ಹೇಳಬೇಕು.